ಲಿಂಕನ್ ಗೆಳೆಯ, ಜಡ್ಜ್ ಡೇವಿಡ್ ಡೇವಿಸ್

ಕೇಳುಗರೆಲ್ಲರಿಗೂ ನಮಸ್ಕಾರ. ಅಬ್ರಹಾಂ ಲಿಂಕನ್ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಅವರ ಬೆನ್ನಿಗೆ ನಿಂತ ಡೇವಿಡ್ ಡೇವಿಸ್ ಹೆಸರು ಕೇಳಿದವರು ಕಡಿಮೆ. ಇವತ್ತು ಅವರ ಬಗ್ಗೆ ಮಾತಾಡೋಣ.

ಹುಟ್ಟಿದ್ದು 1815ರಲ್ಲಿ, ಮೇರಿಲ್ಯಾಂಡ್‌ನಲ್ಲಿ. ಕಾನೂನು ಓದಿ ಇಲಿನಾಯ್‌ಗೆ ಬಂದರು, ಬ್ಲೂಮಿಂಗ್ಟನ್‌ನಲ್ಲಿ ನೆಲೆ ನಿಂತರು. ಸ್ವಲ್ಪ ಕಾಲ ಶಾಸಕರೂ ಆಗಿದ್ದರು. 1848ರಲ್ಲಿ ಎಂಟನೇ ಸರ್ಕ್ಯೂಟ್‌ನ ಜಡ್ಜ್ ಆದರು. ಆಗ ಜಡ್ಜ್ ಒಂದೇ ಊರಲ್ಲಿ ಕೂರುವ ಹಾಗಿರಲಿಲ್ಲ, ಕೋರ್ಟೇ ಊರೂರು ತಿರುಗುತ್ತಿತ್ತು. ವರ್ಷಕ್ಕೆ ಎರಡು ಸಲ ಜಡ್ಜ್ ಮತ್ತು ವಕೀಲರು ಕುದುರೆ, ಗಾಡಿ ಹತ್ತಿ ಕೆಸರು ದಾರಿಯಲ್ಲಿ ಒಟ್ಟಿಗೇ ಹೊರಡುತ್ತಿದ್ದರು, ರಾತ್ರಿ ಸಿಕ್ಕಿದ ಕಡೆ ತಂಗಿದರೆ ಒಂದು ಹಾಸಿಗೆಗೆ ಇಬ್ಬರು ವಕೀಲರು. ಡೇವಿಸ್‌ಗೆ ಮಾತ್ರ ಬೇರೆ ಹಾಸಿಗೆ, ಯಾಕೆಂದರೆ ಅವರ ತೂಕ 130 ಕಿಲೋಗಿಂತ ಜಾಸ್ತಿ! ಆ ವಕೀಲರ ಗುಂಪಿನಲ್ಲಿ ಲಿಂಕನ್ ಕೂಡ ಇದ್ದರು. ತಮಗೆ ಬಿಡುವಿಲ್ಲದಾಗ ಡೇವಿಸ್ ಲಿಂಕನ್ ಅವರನ್ನೇ ಪೀಠದಲ್ಲಿ ಕೂರಿಸಿದ್ದೂ ಉಂಟು.

1860ರ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಲು ರಿಪಬ್ಲಿಕನ್ ಪಕ್ಷದ ಸಮಾವೇಶ. ಗೆಲ್ಲುವವರು ನ್ಯೂಯಾರ್ಕ್‌ನ ಸೆನೆಟರ್ ಸಿವರ್ಡ್ ಎಂದೇ ಬಹಳ ಜನ ನಂಬಿದ್ದರು. ಡೇವಿಸ್ ಸುಮ್ನೆ ಕೂರಲಿಲ್ಲ. ಒಂದೊಂದು ರಾಜ್ಯದ ಪ್ರತಿನಿಧಿಗಳನ್ನೂ ಹಿಡಿದು ಮಾತಾಡಿದರು. ಮೂರನೇ ಸುತ್ತಿನಲ್ಲಿ ಲಿಂಕನ್ ಗೆದ್ದರು. 1862ರಲ್ಲಿ ಅಧ್ಯಕ್ಷ ಲಿಂಕನ್ ಇವರನ್ನು ಸುಪ್ರೀಂ ಕೋರ್ಟ್‌ಗೆ ನೇಮಿಸಿದರು.

ಈಗ ನನಗೆ ಅವರ ಮೇಲೆ ಗೌರವ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. ಅಂತರ್ಯುದ್ಧದ ಕಾಲದಲ್ಲಿ ಇಂಡಿಯಾನಾದ ಲ್ಯಾಂಬ್ಡಿನ್ ಮಿಲಿಗನ್ ಎಂಬ ವಕೀಲನನ್ನು ಸರ್ಕಾರದ ವಿರುದ್ಧ ಒಳಸಂಚು ಮಾಡಿದ ಎಂದು ಸೇನೆ ಹಿಡಿಯಿತು. ಸೇನೆಯದೇ ವಿಚಾರಣೆ, ಸೇನೆಯದೇ ತೀರ್ಪು, ಗಲ್ಲು. ಆದರೆ ಇಂಡಿಯಾನಾದಲ್ಲಿ ಮಾಮೂಲಿ ಕೋರ್ಟುಗಳು ತೆರೆದೇ ಇದ್ದವು ಅಲ್ವಾ? ಕೋರ್ಟು ನಡೆಯುತ್ತಿರುವಾಗ ಸಾಮಾನ್ಯ ಪ್ರಜೆಯನ್ನು ಸೇನೆ ವಿಚಾರಣೆ ಮಾಡುವಂತಿಲ್ಲ, ಯುದ್ಧವಿರಲಿ ಶಾಂತಿಯಿರಲಿ, ಆಳುವವರಿಗೂ ಜನರಿಗೂ ಸಂವಿಧಾನ ಒಂದೇ ಎಂದು 1866ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬರೆದವರು ಡೇವಿಸ್. ಸೇನೆಯ ಈ ವಿಚಾರಣೆ ಶುರುವಾಗಿದ್ದು ಅವರ ಗೆಳೆಯ ಲಿಂಕನ್ ಅಧ್ಯಕ್ಷರಾಗಿದ್ದಾಗಲೇ. ಗೆಳೆತನ ಅವರ ಕೈ ಕಟ್ಟಲಿಲ್ಲ. ಮಿಲಿಗನ್ ಬಿಡುಗಡೆಯಾದ.

ಆಮೇಲೆ 1877. ರಿಪಬ್ಲಿಕನ್ ಹೇಯ್ಸ್ ಮತ್ತು ಡೆಮಾಕ್ರಾಟ್ ಟಿಲ್ಡನ್ ನಡುವಿನ ಅಧ್ಯಕ್ಷ ಚುನಾವಣೆಯ ತಕರಾರು ಬಗೆಹರಿಸಲು 15 ಜನರ ಆಯೋಗ ಮಾಡಿದರು. ಎರಡೂ ಪಕ್ಷಕ್ಕೆ ಏಳೇಳು ಜನ, ನಡುವೆ ಯಾವ ಪಕ್ಷಕ್ಕೂ ಸೇರದ ಡೇವಿಸ್ ಬರಲಿ ಎಂಬುದು ಲೆಕ್ಕಾಚಾರ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆ, ಡೆಮಾಕ್ರಾಟರ ಬೆಂಬಲದಿಂದ, ಅವರನ್ನು ಸೆನೆಟ್‌ಗೆ ಆರಿಸಿಬಿಟ್ಟಿತು. ಅವರು ಆಯೋಗ ಬೇಡವೆಂದು ಸೆನೆಟ್‌ಗೆ ಹೋದರು. ಅವರ ಜಾಗಕ್ಕೆ ಬಂದ ನ್ಯಾಯಮೂರ್ತಿ ಬ್ರಾಡ್ಲಿ ರಿಪಬ್ಲಿಕನ್ನರ ಕಡೆ ನಿಂತರು. ಎಂಟಕ್ಕೆ ಏಳು. ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳ ಮತದಲ್ಲಿ ಹೇಯ್ಸ್‌ಗೆ 185, ಟಿಲ್ಡನ್‌ಗೆ 184. ಹೇಯ್ಸ್ ಅಧ್ಯಕ್ಷರಾದರು.

ಡೇವಿಸ್ ಯಾರ ಕಡೆ ಮತ ಹಾಕುತ್ತಿದ್ದರೋ, ಅದು ಬೇರೆ ಮಾತು. ಆದರೆ ಎರಡೂ ಕಡೆಯವರು ಒಪ್ಪುವ ಒಬ್ಬ ಜಡ್ಜ್ ಬೇಕಾಗಿದ್ದ ಹೊತ್ತಿನಲ್ಲಿ ಅವರು ಅಲ್ಲಿ ಕೂರಬೇಕಿತ್ತು ಎಂದೇ ನನಗನ್ನಿಸುತ್ತದೆ. ಮಿಲಿಗನ್ ತೀರ್ಪು ಬರೆದ ಕೈಗೆ ಆ ಭಾರ ಹೊರುವ ಶಕ್ತಿ ಇತ್ತು. ಸೆನೆಟ್‌ನಲ್ಲಿ 1883ರವರೆಗೆ ಇದ್ದರು, 1881ರ ಅಕ್ಟೋಬರ್‌ನಿಂದ ಅದರ ಹಂಗಾಮಿ ಅಧ್ಯಕ್ಷರೂ ಆಗಿದ್ದರು. ಆಮೇಲೆ ಬ್ಲೂಮಿಂಗ್ಟನ್‌ಗೆ ಮರಳಿ 1886ರಲ್ಲಿ ಅಲ್ಲೇ ತೀರಿಕೊಂಡರು. ನಮಸ್ಕಾರ.