ಕಾರ್ಬನ್ ಡೈಆಕ್ಸೈಡನ್ನು ಕಲ್ಲು ಮಾಡುವುದು ಹೇಗೆ?

[ದೃಶ್ಯ: ಐಸ್‌ಲ್ಯಾಂಡ್. ನೆಲದಿಂದ ಏಳುತ್ತಿರುವ ಬಿಳಿ ಆವಿ]

ಐಸ್‌ಲ್ಯಾಂಡ್‌ನ ಹೆಲ್ಲಿಸ್‌ಹೇಯ್ಡಿ. ಇಲ್ಲಿ ಒಂದು ಕೊಳವೆಬಾವಿಯ ಪಂಪ್ ಕೆಟ್ಟು ನಿಂತಿತು. ಮೇಲೆತ್ತಿ ನೋಡಿದರೆ ಒಳಗೂ ಹೊರಗೂ ಕ್ಯಾಲ್ಸೈಟ್ ಕಟ್ಟಿಕೊಂಡಿತ್ತು. ಕ್ಯಾಲ್ಸೈಟ್ ಅಂದರೆ ಸುಣ್ಣಕಲ್ಲಿನಲ್ಲಿ ಇರುವ ಖನಿಜವೇ. ಕಾರ್ಬ್‌ಫಿಕ್ಸ್ ಯೋಜನೆಯ ವಿಜ್ಞಾನಿಗಳಿಗೆ ಬೇಕಾಗಿದ್ದೂ ಅದೇ. ನೆಲದೊಳಗೆ ಕಳಿಸಿದ ಕಾರ್ಬನ್ ಡೈಆಕ್ಸೈಡ್ ಕಲ್ಲಾಗಿತ್ತು!

[ದೃಶ್ಯ: ನೆಲದ ಸೀಳುನೋಟ. ಪೈಪಿನಲ್ಲಿ ಇಳಿಯುವ ನೀರು]

ಅಲ್ಲಿರುವುದು ಭೂಮಿಯ ಬಿಸಿಯಿಂದ ಕರೆಂಟ್ ತಯಾರಿಸುವ ಸ್ಥಾವರ. ಆವಿಯ ಜೊತೆ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಕೂಡ ಮೇಲೆ ಬರುತ್ತದೆ. ಅದನ್ನು ಹಿಡಿದು, ಸೋಡಾ ಮಾಡುವ ಹಾಗೆ ನೀರಿನಲ್ಲಿ ಕರಗಿಸುತ್ತಾರೆ. ಸುಮ್ನೆ ಅನಿಲವನ್ನೇ ತುಂಬಿದರೆ ಅದು ಮೇಲೇರಲು ನೋಡುತ್ತದೆ. ನೀರಿನಲ್ಲಿ ಕರಗಿದರೆ ಆ ಭಯವಿಲ್ಲ. ಈ ನೀರು ಮಾಮೂಲಿ ನೀರಿಗಿಂತ ಭಾರ, ಕೆಳಗೇ ಇಳಿಯುತ್ತದೆ.

ಕೆಳಗಿರುವುದು ಬಸಾಲ್ಟ್. ಲಾವಾ ಆರಿ ಆದ ಕಪ್ಪು ಕಲ್ಲು, ಮೈತುಂಬಾ ಸಣ್ಣ ಸಣ್ಣ ತೂತು. ಹುಳಿ ನೀರು ತಾಗಿದಾಗ ಕಲ್ಲು ಸ್ವಲ್ಪ ಸ್ವಲ್ಪವೇ ಕರಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಬಿಡುತ್ತದೆ. ಇವು ಕರಗಿದ ಕಾರ್ಬನ್ ಜೊತೆ ಸೇರಿ ಆ ತೂತುಗಳಲ್ಲೇ ಗಟ್ಟಿಯಾಗಿ ಕೂರುತ್ತವೆ.

[ದೃಶ್ಯ: ಕೊರೆದು ತೆಗೆದ ಬಂಡೆಯ ತುಂಡು, ತೀರಾ ಹತ್ತಿರದಿಂದ]

ಈ ಕಪ್ಪು ಕಲ್ಲಿನಲ್ಲಿ ಬಿಳಿ ಚುಕ್ಕೆಗಳು ಕಾಣುತ್ತಿವೆ ಅಲ್ವಾ? ಗಾಳಿಗೆ ಸೇರಬೇಕಿದ್ದ ಕಾರ್ಬನ್ ಇರುವುದು ಅದರಲ್ಲೇ.

ಹೀಗಾಗಲು ನೂರಾರು ವರ್ಷ ಬೇಕು ಎಂಬ ಅಂದಾಜಿತ್ತು. 2012ರಲ್ಲಿ ಪ್ರಯೋಗ ಶುರುವಾಯಿತು. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಎರಡು ವರ್ಷದೊಳಗೆ 95% ಕಲ್ಲಾಗಿತ್ತು. ನನಗಂತೂ ಈ ಅಂಕಿ ಈಗಲೂ ರೋಮಾಂಚನ ತರುತ್ತದೆ.

[ದೃಶ್ಯ: ಸಾಲು ಸಾಲು ಫ್ಯಾನ್‌ಗಳು]

ಅದೇ ಜಾಗದಲ್ಲಿ ಕ್ಲೈಮ್‌ವರ್ಕ್ಸ್ ಕಂಪನಿ ನೇರವಾಗಿ ಗಾಳಿಯಿಂದಲೇ ಕಾರ್ಬನ್ ಡೈಆಕ್ಸೈಡ್ ಹೀರುವ ಘಟಕ ಕಟ್ಟಿದೆ. 2021ರಲ್ಲಿ ಓರ್ಕಾ, 2024ರಲ್ಲಿ ಮ್ಯಾಮತ್. ಮ್ಯಾಮತ್ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ 36,000 ಟನ್ ಹಿಡಿಯಬಹುದು. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ಜಗತ್ತು ಅಷ್ಟನ್ನು ಸುಮಾರು ಅರ್ಧ ನಿಮಿಷದಲ್ಲಿ ಉಗುಳುತ್ತದೆ. ಹಾಗಾಗಿ 'ಈಗ ಸುಡೋಣ, ಆಮೇಲೆ ಹೀರಿದರಾಯಿತು' ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸಿಮೆಂಟ್, ಉಕ್ಕಿನಂಥ ಕಡೆ ಹೊಗೆಯನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ಈ ವಿದ್ಯೆ ಮೊದಲು ಅಲ್ಲಿಗೆ ಬೇಕು.

[ದೃಶ್ಯ: ದಖ್ಖನ್ ಪ್ರಸ್ಥಭೂಮಿಯ ನಕ್ಷೆ]

ನಮ್ಮಲ್ಲೂ ಬಸಾಲ್ಟ್ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆಮಣ್ಣಿನ ಕೆಳಗಿರುವ ಕಲ್ಲು ಅದೇ. ಆದರೆ ಅದು ಸುಮಾರು 6.6 ಕೋಟಿ ವರ್ಷ ಹಳೆಯದು. ಅದರ ಎಷ್ಟೋ ತೂತುಗಳು ಬೇರೆ ಖನಿಜಗಳಿಂದ ಆಗಲೇ ಮುಚ್ಚಿಹೋಗಿವೆ. ಅದಕ್ಕಿಂತ ಜಾಸ್ತಿ ಚಿಂತೆ ನೀರಿನದು. ಐಸ್‌ಲ್ಯಾಂಡ್ ವಿಧಾನದಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 25 ಟನ್ ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರುಗಳಲ್ಲಿ ಆ ನೀರು ಕೇಳುವುದು ಅನ್ಯಾಯ.

ಕಾರ್ಬ್‌ಫಿಕ್ಸ್ ಈಗ ಸಮುದ್ರದ ನೀರಿನಲ್ಲೂ ಪ್ರಯೋಗ ಮಾಡುತ್ತಿದೆ. ಮಹಾರಾಷ್ಟ್ರದ ಕರಾವಳಿಯಲ್ಲಿ ದಖ್ಖನ್ ಬಸಾಲ್ಟ್ ಸಮುದ್ರದ ಅಂಚಿನ ತನಕ ಹಬ್ಬಿದೆ. ಇದನ್ನು ಇಲ್ಲಿ ಪರೀಕ್ಷಿಸುವುದಾದರೆ ಮೊದಲ ಬಾವಿ ಅಲ್ಲೇ ಕೊರೆಯಲಿ.