ಸ್ಪ್ಯಾನರ್‌ಗಿಂತ ಮೊದಲು ಬಲ್ಬು

(ಮಂಡ್ಯದಲ್ಲಿ ಹಳೇ ಕಾರುಗಳ ಮಾಲೀಕರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಂಬಾಸಿಡರ್ ಇತಿಹಾಸ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೆ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹಿಡಿದು 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಿದ್ದರವರೆಗೆ ಇಲ್ಲಿ ಅರ್ಧ ಜನಕ್ಕೆ ಬಾಯಿಪಾಠ. ನಾನು ಬಂದಿರೋದು ಜಗಳ ತೆಗೆಯೋಕೆ. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ ಬ್ಯಾಟರಿ ಬದಲಾಯಿಸು, ಕಾಯಿಲ್ ಬದಲಾಯಿಸು, ಪ್ಲಗ್ ಬದಲಾಯಿಸು ಅನ್ನೋ ಚಾಳಿ ಇದೆಯಲ್ಲ, ಅದರ ಮೇಲೆ. ನೋಡದೆ ಬಿಚ್ಚಬೇಡಿ. ಈ ಮಾತು ಇನ್ನೂ ಬರುತ್ತೆ, ಸಹಿಸ್ಕೊಳ್ಳಿ.

ಪಾಂಡವಪುರದ ಕಡೆ ಗೌಡರೊಬ್ಬರ ಅಂಬಾಸಿಡರ್. ಸೆಲ್ಫ್ ಹೊಡೆದರೆ 'ಟಕ್' ಅನ್ನೋದು, ಅಷ್ಟೇ. ತಳ್ಳಿದರೆ ಮಾತ್ರ ಹೊರಡೋದು. ಬ್ಯಾಟರಿ ಹೊಸದಾಯ್ತು, ಸೆಲ್ಫ್ ಮೋಟರ್ ಇಳಿಸಿ ಬುಷ್ ಹಾಕಿಸಿದ್ದಾಯ್ತು. ಮತ್ತೆ ಅದೇ ಟಕ್. ಮಗಳ ಮದುವೆ ದಿನ ಛತ್ರದ ಬಾಗಿಲಲ್ಲೇ ನಿಂತುಬಿಡ್ತು. ತಳ್ಳೋಕೆ ಹೆಣ್ಣಿನ ಕಡೆಯವರು ಒಬ್ಬರೂ ಇಲ್ಲ, ಎಲ್ಲಾ ಎರಡನೇ ಪಂಕ್ತೀಲಿ ಕೂತಿದ್ದಾರೆ. ಕೊನೆಗೆ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಬೀಗರೇ ತಳ್ಳಬೇಕಾಯ್ತು! ಇವತ್ತಿಗೂ ಗೌಡರು ಆ ಬೀಗರ ಮುಂದೆ ಕಾರಿನ ಮಾತೆತ್ತೋದಿಲ್ಲ.

ಆದರೆ ಗುಟ್ಟು ಸಿಕ್ಕಿದ್ದೂ ಅವತ್ತೇ. ಊಟಕ್ಕೆ ಬಂದಿದ್ದ ಹಳೇ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿಸಿ, "ಹೊಡೀರಿ ಗೌಡ್ರೇ ಸೆಲ್ಫು" ಅಂದ್ರು. ಚೋಕ್ ಕೇಬಲ್, ಅಂದರೆ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿಯಿಂದ ಕಾರ್ಬುರೇಟರ್‌ಗೆ ಹೋಗೋ ತಂತಿ, ಅದನ್ನ ಮುಟ್ಟಿ ಸರಕ್ಕನೆ ಕೈ ತೆಗೆದ್ರು. ಕಾದಿತ್ತು. ಚೋಕ್ ಕೇಬಲ್ ಯಾಕ್ರೀ ಕಾಯುತ್ತೆ? ಇಂಜಿನ್ ಕೂತಿರೋದು ರಬ್ಬರ್ ಮೇಲೆ. ಸೆಲ್ಫ್‌ಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರೋಕೆ ಇಂಜಿನ್‌ಗೂ ಬಾಡಿಗೂ ಒಂದು ಅರ್ತ್ ಪಟ್ಟಿ ಕಟ್ಟಿರ್ತಾರೆ. ಅದು ಕಿಲುಬು ಹಿಡಿದು ಕಿತ್ತುಹೋಗಿತ್ತು. ದೊಡ್ಡ ದಾರಿ ಇಲ್ಲದ್ದಕ್ಕೆ ಅಷ್ಟೂ ಕರೆಂಟು ಚೋಕ್ ತಂತೀಲಿ ನುಗ್ತಿತ್ತು.

ಇದನ್ನ ಮನೇಲೇ ನೋಡಬಹುದು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ, ಟರ್ಮಿನಲ್ ನೋಡಿ. ದೀಪ ಹಾಗೇ ಉರಿದು ಬರೀ ಟಕ್ ಅಂದರೆ ಬ್ಯಾಟರಿ ಅಂಗಡಿಗೆ ಓಡಬೇಡಿ. ವೋಲ್ಟ್ ಅಳೆಯೋ ಮೀಟರ್‌ನ ಒಂದು ವೈರು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ (ಬಾಡಿಗೆ ಕಟ್ಟಿರೋ ಕಡೆಗೆ), ಇನ್ನೊಂದು ಇಂಜಿನ್ ಬ್ಲಾಕ್‌ಗೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ನೋಡದೆ ಬಿಚ್ಚಬೇಡಿ.

ಇನ್ನು ಇಂಜಿನ್ ತಿರುಗುತ್ತೆ, ಹತ್ತೋದಿಲ್ಲ ಅನ್ನೋರು. 12 ವೋಲ್ಟಿನ ಒಂದು ಸಣ್ಣ ಬಲ್ಬು ಸಾಕು. ಕಿಡಿಗೆ ವೋಲ್ಟೇಜ್ ಏರಿಸೋದು ಕಾಯಿಲ್, ಅದನ್ನ ಪ್ಲಗ್‌ಗಳಿಗೆ ಹಂಚೋದು ಡಿಸ್ಟ್ರಿಬ್ಯೂಟರ್. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗೋ ಸಣ್ಣ ವೈರಿಗೆ ಬಲ್ಬಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಅರ್ತ್ ಮಾಡಿ, ಅಂದರೆ ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿ, ಇಂಜಿನ್ ತಿರುಗಿಸಿ. ಬಲ್ಬು ಮಿಣಮಿಣ ಅಂದರೆ ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂಡಿ ಬಿಡೋ ಸ್ವಿಚ್ಚು, ಕೆಲಸ ಮಾಡ್ತಿದೆ. ಸುಮ್ಮನೆ ಉರೀತಾನೇ ಇದ್ದರೆ ಪಾಯಿಂಟ್ ಕೂಡ್ತಿಲ್ಲ, ಇಲ್ಲಾ ಕೊಳೆಯಾಗಿದೆ. ಹತ್ತಲೇ ಇಲ್ಲ ಅಂದರೆ ಕಾಯಿಲ್‌ಗೆ ಕರೆಂಟು ಬರ್ತಿದೆಯಾ ನೋಡಿ. ಬರ್ತಿದ್ದರೆ ಪಾಯಿಂಟ್ ಅಥವಾ ಅದು ಸುಡದ ಹಾಗೆ ಕಾಯೋ ಕಂಡೆನ್ಸರ್ ಅರ್ತ್ ಆಗಿರಬಹುದು, ಇಲ್ಲಾ ಕಾಯಿಲ್ ಒಳಗೇ ತಂತಿ ತುಂಡಾಗಿರಬಹುದು. ಪಾಯಿಂಟ್ ಪೂರ್ತಿ ಬಿಟ್ಟಾಗ ಗ್ಯಾಪು ಇಂಚಿನ ಸಾವಿರದಲ್ಲಿ 15 ಪಾಲು. ಅದನ್ನ ಅಳೆಯೋ ಗೇಜ್ ಇಲ್ಲದಿದ್ದರೆ ಮನೆ ತಲುಪೋವರೆಗೆ ದಪ್ಪ ಲಗ್ನಪತ್ರಿಕೆ ನಡೆಯುತ್ತೆ, ಬೀಗರದ್ದೇ ಆಗಬೇಕಂತಿಲ್ಲ. ಹೊಸ ಕಂಡೆನ್ಸರ್ ಹಾಕಿದರೂ, ಚೆನ್ನಾಗಿರೋ ಹಳೇದನ್ನ ಎಸೀಬೇಡಿ. ಹೊಸದು ಅಂದಮಾತ್ರಕ್ಕೆ ಒಳ್ಳೇದಲ್ಲ.

ಚೀಟಿ ಬಂತು, ಐದೇ ನಿಮಿಷವಂತೆ. ಪೆಟ್ರೋಲ್‌ದು ಓಡಿಸ್ತೀನಿ. ಮಂಡ್ಯದಲ್ಲಿ ನಿಂತು ಕಬ್ಬಿನ ವಿರುದ್ಧ ಮಾತಾಡಿದರೆ ಊಟ ಹಾಕ್ತೀರೋ ಇಲ್ವೋ, ಆದರೂ ಹೇಳಬೇಕು. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಎಥನಾಲ್, ಕಬ್ಬಿನಿಂದಲೂ ತೆಗೆಯೋ ಮದ್ಯಸಾರ. ಅದು ನೀರು ಹೀರುತ್ತೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಮ್ ಪೊರೆ ತಿನ್ನುತ್ತೆ. ತಿಂಗಳುಗಟ್ಟಲೆ ನಿಂತ ಗಾಡೀಲಿ ಮೊದಲು ಪೈಪ್ ಮುಟ್ಟಿ ನೋಡಿ. ಬೇಸಿಗೇಲಿ ಓಡಿಸಿ ನಿಲ್ಲಿಸಿದ ಮೇಲೆ ಹತ್ತದಿದ್ದರೆ ಬಿಸಿಗೆ ಪೆಟ್ರೋಲ್ ಆವಿಯಾಗಿರಬಹುದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೀಲೇಬೇಡಿ, ಬೆಂಕಿ ವಾಪಸ್ ನುಗ್ಗುತ್ತೆ.

ಪ್ರೀಮಿಯರ್ ಪದ್ಮಿನಿ ಕಾರಿನವರು ಕೋಪ ಮಾಡ್ಕೋಬೇಡಿ, ನಿಮ್ಮ ಗಾಡಿಗೆ ಟೈಮೇ ಸಿಗಲಿಲ್ಲ. ಊಟ ಆದ ಮೇಲೆ ಬಾನೆಟ್ ತೆಗೀರಿ, ಬಲ್ಬು ಜೇಬಲ್ಲೇ ಇದೆ.