ನೊರಿಕೊ ಹೇಳಿದ ಮಾತು

ಕೇಳುಗರಿಗೆ ನಮಸ್ಕಾರ. ‘ಟೋಕಿಯೊ ಸ್ಟೋರಿ’ ಜಪಾನಿನ ಯಸುಜಿರೊ ಓಜು 1953ರಲ್ಲಿ ಮಾಡಿದ ಚಿತ್ರ. ಊರಿಂದ ಬಂದ ವಯಸ್ಸಾದ ತಂದೆ ತಾಯಿಗೆ ಮಕ್ಕಳು ಸಮಯ ಕೊಡದ ಕಥೆ ಎಂದೇ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನನಗೆ ಅದು, ಯುದ್ಧ ಮುಗಿದರೂ ಮನೆಯೊಳಗೆ ಉಳಿದುಬಿಡುವ ಬಗೆಯ ಕಥೆ.

ಈ ದಂಪತಿಯ ಎರಡನೇ ಮಗ ಶೋಜಿ. ಯುದ್ಧಕ್ಕೆ ಹೋದವನು ಬರಲಿಲ್ಲ. ಎಂಟು ವರ್ಷವಾಗಿದೆ. ಹೆಂಡತಿ ನೊರಿಕೊ ಟೋಕಿಯೊದಲ್ಲಿ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಆಫೀಸಿನ ಕೆಲಸ. ಅತ್ತೆ ಮಾವ ಬಂದಾಗ ರಜೆ ಹಾಕಿ ಊರು ತೋರಿಸುವವಳು ಅವಳೇ. ಪಕ್ಕದ ಮನೆಯಿಂದ ಸಾಕೆ ಎಂಬ ಜಪಾನಿ ಮದ್ಯ ಕಡ ತಂದು ಮಾವನಿಗೆ ಕೊಡುತ್ತಾಳೆ. ಕೋಣೆಯಲ್ಲಿ ಶೋಜಿಯ ಫೋಟೊ ಇದೆ. ಅವನು ಇನ್ನೂ ಎಲ್ಲೋ ಇದ್ದಾನೆ ಅನ್ನಿಸುತ್ತೆ ಎನ್ನುತ್ತಾರೆ ಅತ್ತೆ. ಮಾವ ಆ ಆಸೆ ಬಿಟ್ಟಿದ್ದಾರೆ.

ಇನ್ನೊಂದು ರಾತ್ರಿ ಅತ್ತೆ ಅಲ್ಲೇ ಉಳಿಯುತ್ತಾರೆ, ಸತ್ತ ಮಗನ ಹಾಸಿಗೆಯಲ್ಲಿ. ಮತ್ತೆ ಮದುವೆಯಾಗಮ್ಮಾ ಎನ್ನುತ್ತಾರೆ. ಸೊಸೆ ನಗುತ್ತಾ ಮಾತು ತೇಲಿಸುತ್ತಾಳೆ. ಯುದ್ಧದ ಒಂದು ದೃಶ್ಯವನ್ನೂ ಓಜು ತೋರಿಸುವುದಿಲ್ಲ. ಅವರೇ ಸೈನಿಕರಾಗಿ ಚೀನಾಕ್ಕೆ ಹೋಗಿ ಬಂದವರು, ಬೇಕೆಂದಿದ್ದರೆ ತೋರಿಸಬಹುದಿತ್ತು. ಈ ಹಾಸಿಗೆಯೇ ಸಾಕು ಎಂದುಕೊಂಡರೇನೋ.

ನನ್ನನ್ನು ಜಾಸ್ತಿ ಕಾಡುವುದು ಕೊನೆಯ ಭಾಗ. ಅತ್ತೆ ತೀರಿಕೊಂಡಿದ್ದಾರೆ. ಮಾವ ಸೊಸೆಯನ್ನು ಮನಸಾರೆ ಹೊಗಳುತ್ತಾರೆ. ಅವಳಿಗೆ ತಡೆಯಲಾಗುವುದಿಲ್ಲ. ನೀವಂದುಕೊಂಡಷ್ಟು ಒಳ್ಳೆಯವಳಲ್ಲ ನಾನು, ಶೋಜಿಯವರ ನೆನಪೇ ಬಾರದ ದಿನಗಳೂ ಇವೆ, ಹೀಗೇ ಇದ್ದರೆ ಮುಂದೇನು ಅಂತ ರಾತ್ರಿ ಯೋಚನೆ ಹತ್ತುತ್ತದೆ ಎಂದು ಹೇಳಿಬಿಡುತ್ತಾಳೆ. ಗಂಡ ಸತ್ತ ದುಃಖವನ್ನು ಎಲ್ಲರೂ ಬಲ್ಲರು. ಅವನನ್ನು ಮರೆಯುತ್ತಿದ್ದೇನಲ್ಲ ಎಂಬ ಅಳುಕನ್ನು ಅವಳು ಯಾರ ಹತ್ತಿರ ಹೇಳಬೇಕು? ಒಳ್ಳೆಯ ಸೊಸೆ ಎಂಬ ಹೊಗಳಿಕೆಯೇ ಅವಳ ಬಾಯಿ ಕಟ್ಟಿತ್ತು. ಮಾವ ಬೇಸರಪಡುವುದಿಲ್ಲ. ಮಗನನ್ನು ಮರೆತುಬಿಡು, ಒಳ್ಳೆಯ ಕಡೆ ಮದುವೆಯಾಗು ಎಂದು ಹೇಳಿ ಹೆಂಡತಿಯ ಗಡಿಯಾರವನ್ನು ಅವಳಿಗೆ ಕೊಡುತ್ತಾರೆ. ಮಗನನ್ನು ಕಳೆದುಕೊಂಡ ತಂದೆಯೇ ಈ ಮಾತು ಹೇಳಬೇಕಿತ್ತು. ಬೇರೆ ಯಾರು ಹೇಳಿದ್ದರೂ ಅವಳಿಗೆ ಬಿಡುಗಡೆ ಸಿಗುತ್ತಿರಲಿಲ್ಲ.

ನೊರಿಕೊ ಆಗಿ ಸೆತ್ಸುಕೊ ಹಾರಾ, ಮಾವನಾಗಿ ಚಿಶು ರ್ಯೂ. ರ್ಯೂ ಅವರಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ, ನಂಬುವುದು ಕಷ್ಟ.

ಚಿತ್ರ 136 ನಿಮಿಷ ಇದೆ. ಶುರುವಿನಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಬಹುದು. ದಯವಿಟ್ಟು ಎದ್ದು ಹೋಗಬೇಡಿ. ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಮಸ್ಕಾರ.